ಹಾಡಿನೊಳಗಿನ ಹುಳು

ವಯಸ್ಸಾದವರಿಗೆ ಬರುವ ಕಾಯಿಲೆಗಳಲ್ಲಿ ಸಲಹೆ ಕೊಡುವುದೂ ಒಂದು. ಮಂಡಿನೋವಿಗಾದರೆ ಎಣ್ಣೆ ಇದೆ. ಇದಕ್ಕೆ ಹಚ್ಚುವಂಥದ್ದು ಏನೂ ಇಲ್ಲ, ನೋವೂ ನಮಗಲ್ಲ, ಪಕ್ಕದವರಿಗೆ. ನನಗೆ ಈ ಕಾಯಿಲೆ ಜೋರಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಮೊಮ್ಮಗಳು ಚೈತ್ರ ಪಾಪ್ ಹಾಡುಗಾರ್ತಿ. ಸಾದಲಿಯ ನಮ್ಮ ಮನೆಯ ಹುಡುಗಿಯ ಹಾಡು ಈಗ ಚಿಂತಾಮಣಿ ಬಸ್ಸಿನಲ್ಲೂ ಕೇಳುತ್ತದೆ. ಅವಳ ಜೊತೆ ಫೋಟೋ ತೆಗೆಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಆ ಫೋಟೋಗಳಲ್ಲಿ ಯಾರೂ ಕರೆಯದಿದ್ದರೂ ಒಬ್ಬ ಮುದುಕ ನಿಂತಿರುತ್ತಿದ್ದನಲ್ಲ, ಅದು ನಾನು. ಯಾರೂ ನೇಮಿಸದ ಮೇನೇಜರು. ಪದ, ರಾಗ ಹಾಡು ಬಿಡುವ ಕಂಪನಿಯವರದು. ಸೀರೆ ನನ್ನ ಆಯ್ಕೆ. ವೇದಿಕೆಯಲ್ಲಿ ಹಾಡಿಗೆ ಮುಂಚೆ ಆಡುವ ಎರಡು ಮಾತೂ ನನ್ನದೇ. ಹೈಸ್ಕೂಲಿನಲ್ಲಿ ಪ್ರಾರ್ಥನೆ ಹಾಡಿಸುತ್ತಿದ್ದವನು ನಾನು, ಸಂಗೀತದ ಅನುಭವ ಅಷ್ಟು ಸಾಕು ಅಂದುಕೊಂಡಿದ್ದೆ. ಅವಳದೆಂದು ಉಳಿದದ್ದು ಗಂಟಲು ಮಾತ್ರ.

ಹೋದ ವರ್ಷ ಅವಳು ಮೊದಲ ಸಲ ತಾನೇ ಬರೆದು, ತಾನೇ ರಾಗ ಹಾಕಿ ಒಂದು ಹಾಡು ಮಾಡಿದಳು. ಚಿಕ್ಕಬಳ್ಳಾಪುರದ ಸ್ಟುಡಿಯೋಗೆ ಅವಳಿಗೆ ಹೇಳದೆ ಹೋಗಿ ಕೇಳಿದೆ. ದನಿಯ ಹಿಂದೆ ಉದ್ದಕ್ಕೂ ತುಂತುರು ಮಳೆಯಂಥ ಸದ್ದು. “ಏನಪ್ಪಾ, ಹಾಡು ಸೋರ್ತಾ ಇದೆ?” ಅಂದೆ. ಸ್ಟುಡಿಯೋದವನು, “ಅದು ಇರ್ಲೇಬೇಕು ಅಂದವ್ರೆ ಮೇಡಂ” ಅಂದ. “ಮೇಡಂನ ಎತ್ತಿ ಆಡ್ಸಿದೋನು ನಾನು. ತೆಗಿಯಪ್ಪ.” ಮತ್ತೆ ಸೇರಿಸಿಬಿಟ್ಟಾರೆಂದು ನನ್ನ ಕಣ್ಣೆದುರಿಗೇ ಪೂರ್ತಿ ಅಳಿಸುವಂತೆ ಮಾಡಿ, ಅಲ್ಲಿಗೆ ಕೊಳಲು ಹಾಕಿಸಿ ಬಂದೆ.

ಮಾರನೇ ದಿನ ಚೈತ್ರ ಆ ಹಾಡು ಕೇಳಿದಳು. “ತಾತ, ಹುಳ ಎಲ್ಲಿ?” ಅಂದಳು.

“ಯಾವ ಹುಳ?”

“ನಮ್ಮನೆ ರೇಷ್ಮೆಹುಳ. ನಾಲ್ಕನೇ ಜ್ವರ ಎದ್ಮೇಲೆ ಸೊಪ್ಪು ತಿಂತಾವಲ್ಲ, ಆ ಸದ್ದು. ಹಾಡು ನಿಂತಿರೋದೇ ಅದ್ರ ಮೇಲೆ.”

ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಕೊನೆಯ ಜ್ವರದಿಂದ ಎದ್ದಾಗ ಅವುಗಳ ಹಸಿವಿನ ಸದ್ದು ಇಡೀ ಹುಳುಮನೆ ತುಂಬುತ್ತದೆ. ಜೀವಮಾನವೆಲ್ಲ ಅದರ ಪಕ್ಕದಲ್ಲೇ ಮಲಗಿದವನು ನಾನು. ಸ್ಪೀಕರಿನಲ್ಲಿ ಬಂದಾಗ ಗುರುತು ಸಿಗಲಿಲ್ಲ. ಅವಳು ಆ ಸದ್ದು ಹಿಡಿದುಕೊಂಡಿದ್ದ ಫೋನಿನಲ್ಲೂ ಅದು ಉಳಿದಿರಲಿಲ್ಲ. ಹುಳುಗಳೋ ಅಷ್ಟರಲ್ಲಿ ಗೂಡು ಕಟ್ಟಿ ಶಿಡ್ಲಘಟ್ಟದ ಮಾರುಕಟ್ಟೆ ಸೇರಿದ್ದವು.

ಕಂಪನಿಯವರಿಗೆ ಕೊಳಲೇ ಹಿಡಿಸಿತು, ಈ ವಾರವೇ ಬಿಡೋಣ ಅಂದರು. “ಹುಳ ಬರೋವರ್ಗೂ ಹಾಡಿಲ್ಲ. ನಿಮಗೆ ಬೇಡ್ದಿದ್ರೆ ನಾನೇ ಬಿಡ್ತೀನಿ” ಎಂದು ಫೋನಿಟ್ಟಳು. ಅವರಿಗೆ ಬೇಡವಾಯಿತು. ಆಮೇಲೆ ನನ್ನ ಕಡೆ ತಿರುಗಿ, “ಇನ್ಮೇಲೆ ಪದ, ರಾಗ, ಸದ್ದು, ಸೀರೆ ಎಲ್ಲಾ ನಂದು ತಾತ. ನೀನು ಸೊಪ್ಪು ಹಾಕು” ಅಂದಳು.

ಹಾಕಿದೆ. ಹೊಸದಾಗಿ ತಂದ ಮರಿಹುಳುಗಳನ್ನು ಸಾಕಿದಷ್ಟು ಭಕ್ತಿಯಿಂದ ನಾನು ಯಾವ ಸಲದ ಹುಳುವನ್ನೂ ಸಾಕಿರಲಿಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದ ಬೆಳಿಗ್ಗೆ ಅವಳು ಮೈಕ್ ಇಟ್ಟಳು. ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ನಾನು ಕೊನೆಗೆ ಕೆಮ್ಮಿಬಿಟ್ಟೆ. “ಅದನ್ನ ಅಳಿಸ್ಬಿಡಮ್ಮ” ಅಂದೆ.

“ಯಾವ್ದು ಇರ್ಬೇಕು ಅಂತ ನಾನ್ ನೋಡ್ಕೋತೀನಿ.”

ಕೆಮ್ಮು ಹಾಡಿನಲ್ಲಿ ಹಾಗೇ ಇದೆ. ಈಗ ಬಸ್ಸಿನಲ್ಲಿ ಹುಡುಗರು ಸರಿಯಾಗಿ ಆ ಜಾಗ ಬಂದಾಗ ತಾವೂ ಕೆಮ್ಮುತ್ತಾರೆ. ಮೊನ್ನೆ, ಮುಂದಿನ ಹಾಡಿಗೂ ಇರಲಿ ಎಂದು, ಇನ್ನೂ ಸ್ವಲ್ಪ ಭಾವ ತುಂಬಿ ಕೆಮ್ಮಿ ತೋರಿಸಿದೆ. ಚೈತ್ರ ಪೂರ್ತಿ ಕೇಳಿದಳು.

“ಬೇಡ ತಾತ. ಇದ್ಯಾಕೋ ಕೆಮ್ಮಿದಂಗಿಲ್ಲ, ಹಾಡ್ದಂಗಿದೆ” ಅಂದಳು.

ನಾನು ಸೊಪ್ಪು ತರಲು ಹೋದೆ.