ಏಪ್ರಿಲ್ ಮುಗಿದರೆ ಸಾಕು

ಬೇರೆಯವರು ಹೊತ್ತಿಗೆ ಸರಿಯಾಗಿ ಕೆಲಸ ಮಾಡದಿರಲಿ ಎಂದು ದೇವರಿಗೆ ಕೈಮುಗಿದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರೋ ತಿಳಿಯದು. ನಾನು ಮುಗಿದಿದ್ದೇನೆ. ರೈಲು ತುಸು ತಡವಾದರೂ ಪ್ಲಾಟ್‌ಫಾರ್ಮಿನ ಮೇಲೆ ಶತಪಥ ಹಾಕುತ್ತ, ದೇಶ ಹಾಳಾಯಿತೆಂದು ಭಾಷಣ ಬಿಗಿಯುವ ಮನುಷ್ಯ ನಾನು. ಅಂಥವನು ಇಡೀ ಒಂದು ಬೇಸಿಗೆ, ಸರ್ಕಾರದ ಒಬ್ಬ ಅಧಿಕಾರಿಗೆ ಸೋಮಾರಿತನ ಬರಲಿ, ಬಂದರೆ ಗಟ್ಟಿಯಾಗಿಯೇ ಬರಲಿ ಎಂದು ದಿನಾ ಸ್ನಾನವಾದ ಮೇಲೆ ಊದಿನಕಡ್ಡಿ ಹಚ್ಚಿದೆ. ದೇವರು ಯಾವ ಮುಖ ಮಾಡಿಕೊಂಡು ಕೇಳಿಸಿಕೊಂಡನೋ!

ನಮ್ಮದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನೂ ಅಲ್ಲ. ಕಲ್ಲು ಕೊಯ್ಯುವ ಎರಡು ಯಂತ್ರ, ಪಾಲಿಶ್ ಮಾಡುವ ಒಂದು ಯಂತ್ರ, ಒಂದು ಬೇವಿನ ಗಿಡ, ಎಲ್ಲದರ ಮೇಲೂ ಬಿಳಿ ಧೂಳು. ಪಾಲುದಾರರು ಖಾಜಾ ಚಾಚಾ. ಅಪ್ಪನ ಜೊತೆ ವ್ಯವಹಾರ ಸುರು ಮಾಡಿದವರು. ಅಪ್ಪ ಹೋದ ಮೇಲೆ ಅವರ ಪಾಲಿಗೆ ನಾನು ಬಂದೆ. ಕಲ್ಲು, ಕೂಲಿ, ಗಿರಾಕಿ ಎಲ್ಲ ಅವರದು. ಬಿ.ಕಾಂ. ಓದಿದವನೆಂಬ ಗೌರವಕ್ಕೆ ಸರ್ಕಾರದ ಕಾಗದಪತ್ರ ಮಾತ್ರ ನನ್ನದು. ಬರೀ ಕೊಯ್ದ ಕಲ್ಲಿಗೆ ಒಂದು ತೆರಿಗೆ, ಪಾಲಿಶ್ ಮಾಡಿದ್ದಕ್ಕೆ ಅದಕ್ಕಿಂತ ಜಾಸ್ತಿ. ಯಾವುದೋ ಹಳೆಯ ವರ್ಷ ನೀವು ಮಾರಿದ್ದೆಲ್ಲ ಪಾಲಿಶ್ ಕಲ್ಲೇ, ತೆರಿಗೆ ಮಾತ್ರ ಕಡಿಮೆ ಕಟ್ಟಿದ್ದೀರಿ ಎಂದು ನೋಟಿಸು ಬಂತು. ಖರೇ ಸಂಗತಿ ಏನೆಂದರೆ ಆ ವರ್ಷ ನಮ್ಮ ಪಾಲಿಶ್ ಯಂತ್ರ ಕೆಟ್ಟು ಕೂತು, ಅದರ ಅಡಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ನೋಟಿಸಿನಲ್ಲಿದ್ದಷ್ಟು ಕಟ್ಟಬೇಕಾದರೆ ಕೊಯ್ಯುವ ಯಂತ್ರ ಒಂದನ್ನು ಮಾರಬೇಕು. ಅಪ್ಪ ಪೂಜೆ ಮಾಡಿ ಇಳಿಸಿಕೊಂಡ ಯಂತ್ರ ಅದು.

ಕಲಬುರಗಿಯ ನಮ್ಮ ತೆರಿಗೆ ವಕೀಲರು ಎರಡು ಮಾತು ಹೇಳಿದರು. “ಮಷೀನ್ ಕೆಟ್ಟಿದ್ದಕ್ಕ ಮಿಸ್ತ್ರಿ ಬಿಲ್ಲು, ಕರೆಂಟ್ ಬಿಲ್ಲು ತಂದು ಕೊಡ್ರಿ, ಉತ್ತರ ಬರಿಯೋಣು. ಇನ್ನೊಂದು ಕೇಳ್ರಿ, ಆ ವರ್ಷದ ಆದೇಶ ಹೊರಡಸ್ಲಿಕ್ಕ ಅವರಿಗೂ ಗಡುವು ಅದ. ಏಪ್ರಿಲ್ ಮುಗಿಯೋದ್ರೊಳಗ ಆಗಲಿಲ್ಲಂದ್ರ ಆ ವರ್ಷ ಅವರು ಮುಟ್ಟಂಗಿಲ್ಲ.” ಮೊದಲನೆಯ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು. ಎರಡನೆಯದು ಎದೆಯಲ್ಲಿ ಕೂತಿತು. ಹೇಗೂ ಗಡುವು ಮೀರುತ್ತದೆ ಎಂದ ಮೇಲೆ ಉತ್ತರ ಬರೆದು ಮಲಗಿದವರನ್ನು ಯಾಕೆ ಎಬ್ಬಿಸಬೇಕು? ಸುಮ್ಮನಿದ್ದುಬಿಟ್ಟೆ.

ಇಷ್ಟು ಉದಾರವಾದ ಕಾನೂನನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಮನೆಯಲ್ಲಿ ಹೆಂಡತಿಗೂ ವಿವರಿಸಿದೆ. ಸರ್ಕಾರವೇ ಹಳೆಯ ವರ್ಷಗಳನ್ನು ಅಷ್ಟಕ್ಕೇ ಬಿಟ್ಟುಬಿಡುತ್ತದೆ, ನೀನು ಮಾತ್ರ ನಮ್ಮ ಅಕ್ಕ ಮದುವೆಯಲ್ಲಿ ಆಡಿದ ಮಾತನ್ನು ಇನ್ನೂ ಎತ್ತುತ್ತೀ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಸರ್ಕಾರಕ್ಕೇನ್ರಿ, ಅದು ನಿಮ್ಮಕ್ಕನ ಜೋಡಿ ಬಾಳ್ವೆ ಮಾಡೇದೇನು?” ಎಂದಳು.

ಅಂತೂ ಏಪ್ರಿಲ್ ಕೊನೆಯ ದಿನ ಬಂತು. ನಮ್ಮ ಕಡೆಯ ಏಪ್ರಿಲ್ ಬಿಸಿಲೆಂದರೆ ಫರಸಿಯ ಮೇಲೆ ಹಪ್ಪಳ ಸುಡಬಹುದು. ಊರಿಗೆಲ್ಲ ಕರೆಂಟು ಹೋಗಿ, ನಮ್ಮ ಜನರೇಟರ್ ಒಂದೇ ಗುಡುಗುಡು ಎನ್ನುತ್ತಿತ್ತು. ಮಧ್ಯಾಹ್ನ ಬಾಗಿಲಲ್ಲಿ ಒಂದು ಜೀಪು ವಾಲಿಕೊಂಡು ನಿಂತಿತು. ಚಕ್ರ ಪಂಕ್ಚರ್. ಅದರೊಳಗಿಂದ ಬೆವರಲ್ಲಿ ತೊಯ್ದ ಒಬ್ಬ ಸಾಹೇಬರು ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಇಳಿದರು. ತುಮಕೂರು ಕಡೆಯವರಂತೆ; ವಾಡಿಯಲ್ಲಿ ಏನೋ ತಪಾಸಣೆ ಮುಗಿಸಿ ಕಲಬುರಗಿಗೆ ಹೊರಟವರು. “ಸ್ವಲ್ಪ ಚಾರ್ಜಿಗೆ ಹಾಕ್ಕೋಬಹುದಾ ಸಾರ್? ಇವತ್ತೇ ಒಂದು ಆರ್ಡರ್ ಅಪ್‌ಲೋಡ್ ಆಗ್ಬೇಕು, ಕೊನೇ ದಿನ” ಎಂದರು. ಚಾಚಾ ಎದ್ದು ನಿಂತು, “ಬರ್ರಿ ಸಾಹೇಬ್ರ, ಕುಂದ್ರಿ, ಮೊದಲ ನೀರು ಕುಡೀರಿ. ಊಟ ಆಗ್ಯದೋ ಇಲ್ಲೋ?” ಎಂದು ತಮ್ಮ ಕುರ್ಚಿಯನ್ನೇ ಧೂಳು ಕೊಡವಿ ಕೊಟ್ಟರು. ಊರಿಗೆಲ್ಲ ಇದು ಖಾಜಾ ಚಾಚಾನ ಕಾರ್ಖಾನೆ. ಕಾಗದದ ಮೇಲಿನ ಹೆಸರು ಬೇರೆಯೇ. ಆ ಹೆಸರಿನ ಬೋರ್ಡು ಧೂಳು ತಿಂದು ಎಷ್ಟೋ ಕಾಲವಾಗಿದೆ. ಸಾಹೇಬರಿಗೆ ಯಾವ ಸಂಶಯವೂ ಬರಲಿಲ್ಲ.

ಚಹಾ ಹಿಡಿದು ಹೋದ ನಾನು ಅಕಸ್ಮಾತ್ ಪರದೆಯ ಕಡೆ ನೋಡಿದೆ. ಆರ್ಡರಿನ ನೆತ್ತಿಯ ಮೇಲೆ ನಮ್ಮದೇ ಹೆಸರು! ಚಹಾ ಮೇಜಿನ ಮೇಲಿಟ್ಟೆ. ಚಾಚಾನನ್ನು ಬೇವಿನ ಗಿಡದ ಹಿಂದೆ ಎಳೆದುಕೊಂಡು ಹೋಗಿ, “ಚಾಚಾ, ಅವರು ಬರೀಲಿಕತ್ತಿದ್ದು ನಮ್ಮ ಮ್ಯಾಲಿನ ಆರ್ಡರು! ಜನರೇಟರ್ ಬಂದ್ ಮಾಡ್ರಿ. ಇವತ್ತೊಂದು ದಿನ ಹೋದ್ರ ಗೆದ್ದೀವಿ” ಎಂದೆ. ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಶರಣಪ್ಪ, ಮೆಹಮಾನನ ಮುಂದ ತಾಟ ಇಟ್ಟು ದೀಪ ಆರಸ್ತಾರೇನೋ?”

“ಮೆಹಮಾನ ಅಲ್ರಿ ಚಾಚಾ, ಟ್ಯಾಕ್ಸಿನವ್ರು!”

“ಆಫೀಸಿನಾಗ ಟ್ಯಾಕ್ಸಿನವ್ರು. ಇಲ್ಲಿ ಮೆಹಮಾನ. ಹೋಗು, ಪುಂಡಿಪಲ್ಯ ತಂದು ಬಡಸು.”

ಬಡಿಸಿದೆ. ನನ್ನ ಯಂತ್ರವನ್ನು ಮಾರಿಸುವವರ ತಾಟಿಗೆ ನನ್ನ ಕೈಯಾರೆ ರೊಟ್ಟಿ ಹಾಕಿದೆ. ಅಷ್ಟರಲ್ಲಿ ಜನರೇಟರ್ ಕೆಮ್ಮತೊಡಗಿತು. ಡೀಸೆಲ್ ಮುಗಿಯುತ್ತ ಬಂದಿತ್ತು! ಊದಿನಕಡ್ಡಿ ದಂಡವಾಗಲಿಲ್ಲ ಎಂದು ಮನಸ್ಸಿನಲ್ಲೇ ಕುಣಿದಾಡಿದೆ. ಚಾಚಾ ಎದ್ದು ಹೋದರು; ತಮ್ಮ ಟ್ರ್ಯಾಕ್ಟರಿನ ಟಾಕಿಗೆ ಪೈಪು ಇಳಿಬಿಟ್ಟು, ಬಾಯಿಂದ ಎಳೆದು, ಡೀಸೆಲ್ ಉಗುಳುತ್ತ ಒಂದು ಕ್ಯಾನು ತುಂಬಿಕೊಂಡು ಬಂದರು. ಜನರೇಟರ್ ಮತ್ತೆ ಗುಡುಗಿತು. ಸಾಹೇಬರು ಡಿಜಿಟಲ್ ಸಹಿ ಒತ್ತಿ, “ಅಬ್ಬಾ, ಆಯ್ತು!” ಎಂದು ನಮ್ಮಿಬ್ಬರಿಗೂ ಕೈಮುಗಿದರು.

ಇನ್ನು ತಡೆಯಲಾಗಲಿಲ್ಲ. “ಸರ, ಆ ಫರ್ಮ್ ನಮ್ದೇರಿ” ಎಂದುಬಿಟ್ಟೆ. ಪಾಪ, ಅವರು ಕುಡಿಯುತ್ತಿದ್ದ ಮಜ್ಜಿಗೆಯ ಲೋಟ ಕೆಳಗಿಟ್ಟರು. ಕೆಟ್ಟ ಯಂತ್ರದ ಕಥೆ, ಕೋಳಿಯ ಕಥೆ ಎಲ್ಲ ಕೇಳಿ ತಲೆ ಚಚ್ಚಿಕೊಂಡರು. “ಇದನ್ನ ಉತ್ತರದಲ್ಲಿ ಬರೆದಿದ್ರೆ ನಾನೇ ಕೈ ಬಿಡ್ತಿದ್ದೆ ಸಾರ್! ನೀವು ಒಂದು ಸಾಲೂ ಬರೀಲಿಲ್ಲ. ಈಗ್ಲೂ ಏನಾಗಿಲ್ಲ, ಬಿಲ್ಲುಗಳನ್ನಿಟ್ಟು ಮೂರು ತಿಂಗಳೊಳಗೆ ಅಪೀಲು ಹಾಕಿ. ಗೆಲ್ತೀರಿ.” ಚಾಚಾ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿ, “ನಮ್ಮ ಹುಡುಗ ಬಿ.ಕಾಂ. ಆಗ್ಯಾನ್ರಿ, ಹಾಕ್ತಾನ” ಎಂದರು.

ಮೂರು ತಿಂಗಳು! ಸರ್ಕಾರಕ್ಕೆ ವರ್ಷಗಟ್ಟಲೆ, ನನಗೆ ಮೂರು ತಿಂಗಳು. ಆದರೂ ಮೂರು ತಿಂಗಳೆಂದರೆ ಕಡಿಮೆಯೇ? ನಡುವೆ ನನಗೆ ಬೇರೆ ಕೆಲಸವೂ ಇತ್ತು: ಈ ಕಥೆ ಹೇಳುವುದು. ಶಹಾಬಾದಿನ ಚಹಾದಂಗಡಿಯಲ್ಲಿ ಹೇಳಿದೆ, ಚಿತ್ತಾಪುರದಲ್ಲಿ ಬೀಗರ ಮದುವೆಯಲ್ಲಿ ಹೇಳಿದೆ, ಸೇಡಂ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದೆ. ಶಹಾಬಾದಿನಲ್ಲಿ ಎರಡು ರೊಟ್ಟಿ ಉಂಡಿದ್ದ ಸಾಹೇಬರು, ಕಥೆ ಚಿಂಚೋಳಿ ಮುಟ್ಟುವ ಹೊತ್ತಿಗೆ ಅರ್ಧ ಬುಟ್ಟಿ ಖಾಲಿ ಮಾಡಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು, “ಮುಂದ ಏನಾತ್ರಿ?” ಎಂದು ಕೇಳುತ್ತಿದ್ದರು. “ಅಪೀಲು ಹಾಕ್ತೀನ್ರಿ, ಗೆಲ್ತೀನಿ” ಎನ್ನುತ್ತಿದ್ದೆ. ಕೊನೆಗೊಂದು ದಿನ ಬಿಲ್ಲುಗಳ ಚೀಲ ಹೊತ್ತು ವಕೀಲರಲ್ಲಿಗೆ ಹೋದೆ. ಅವರು ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು. “ಮೂರು ತಿಂಗಳೂ ಮುಗದ್ವು, ಮ್ಯಾಲ ತಡಾ ಆದದ್ದಕ್ಕ ಮಾಫಿ ಕೇಳ್ಲಿಕ್ಕಿದ್ದ ಒಂದು ತಿಂಗಳೂ ಮುಗೀತು. ಶರಣಪ್ಪನವರ, ಗಡುವು ಅವರಿಗಷ್ಟೇ ಅದ ಅಂತ ತಿಳಿದಿದ್ರೇನು?”

ಅಪ್ಪನ ಯಂತ್ರ ಲಾರಿ ಹತ್ತಿದ ದಿನ ನನಗೆ ಅಳುವೇ ಬಂದಿತ್ತು. ಚಾಚಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಲಾರಿ ಕಣ್ಮರೆಯಾದ ಮೇಲೆ ಇಷ್ಟೇ ಅಂದರು: “ಆ ಸಾಹೇಬ್ರು ಪಂಕ್ಚರ್ ಆದ ಗಾಡ್ಯಾಗ ಬಂದು ಗಡುವು ಮುಟ್ಟಿದ್ರು. ನಿನ್ನ ಗಾಡಿದು ಎರಡೂ ಟಾಯರ್ದಾಗ ಗಾಳಿ ಇತ್ತಲೋ, ಶರಣಪ್ಪ.”

ಈಗ ಸರ್ಕಾರದ ಕಾಗದಗಳನ್ನು ಚಾಚಾನೇ ವಕೀಲರಿಗೆ ಮುಟ್ಟಿಸುತ್ತಾರೆ, ಬಂದ ದಿನವೇ. ನನಗೆ ಬಂದವರಿಗೆ ಚಹಾ ತರಿಸುವ ಜವಾಬ್ದಾರಿ ಕೊಟ್ಟಿದ್ದಾರೆ. ಅದೂ ತಡವಾಗುತ್ತದೆಂದು ನಿನ್ನೆ ಒಬ್ಬ ಗಿರಾಕಿ ದೂರು ಹೇಳಿ ಹೋದ.