ನಾಲ್ಕು ಗಂಟೆಯ ಕಾರು

ಅಣ್ಣ ನನಗೆ ಒಪ್ಪಿಸಿ ಹೋದದ್ದು ಒಂದೇ ಒಂದು ಕೆಲಸ. ಅದನ್ನು ನಾನು ಮಾಡಲಿಲ್ಲ. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು ಎಂಬ ನೆವ ಇಲ್ಲಿ ನಡೆಯುವುದಿಲ್ಲ. ವಾರಕ್ಕೊಮ್ಮೆ ಕಾರಿನ ಕೀ ತಿರುಗಿಸುವುದಕ್ಕೆ ಎಂಟನೆಯ ಕ್ಲಾಸು ಬೇಕಾಗಿಲ್ಲ.

ಕಾರೆಂದರೆ ಅವನ ಹಳೆಯ ಬಿಳಿ ಅಂಬಾಸಿಡರ್. ಬಲಕ್ಕೆ ತಿರುಗಿಸಿದರೆ ಹಿಂದಿನ ಎಡಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಸುಬ್ರಹ್ಮಣ್ಯದ ಕಡೆಯ ತಿರುವುಗಳಲ್ಲಿ ಆ ಬಾಗಿಲಿಗೆ ನಮ್ಮ ತಾಯಿ, ಉಮ್ಮನ ಶಾಲು ಕಟ್ಟಿ, ತುದಿಯನ್ನು ಹಿಡಿದು ಕೂರುವುದು ನನ್ನ ಉದ್ಯೋಗವಾಗಿತ್ತು. ದುಡಿಯಲು ಕೊಲ್ಲಿ ದೇಶಕ್ಕೆ ಹೊರಟ ದಿನ ಅವನು ಬಾನೆಟ್ ಸವರುತ್ತ ಹೇಳಿದ: “ಹಮೀದ್, ಶುಕ್ರವಾರ ಶುಕ್ರವಾರ ಇದನ್ನು ಸ್ಟಾರ್ಟ್ ಮಾಡು. ಸಂಜೆ ನಾಲ್ಕಕ್ಕೆ ಫೋನಿನಲ್ಲಿ ಸದ್ದು ಕೇಳಿಸು. ಅಷ್ಟು ಕೇಳಿದರೆ ನಾನು ಮನೆಗೆ ಬಂದ ಹಾಗೆ.”

ಮೊದಲ ಶುಕ್ರವಾರ ಮಾಡಿದೆ, ಸುಳ್ಳಲ್ಲ. ಆದರೆ ಆ ಸದ್ದನ್ನು ನನ್ನ ಮೊಬೈಲಿಗೆ ತುಂಬಿಸಿಕೊಂಡೆ. ಎರಡನೆಯ ವಾರದಿಂದ ಕುಂಬ್ರದ ನನ್ನ ಚಪ್ಪಲಿ ಅಂಗಡಿಯಲ್ಲೇ ಕೂತು, ಅಂಗಡಿಯ ಫೋನಿನಿಂದ ಅಣ್ಣನಿಗೆ ಕರೆ ಮಾಡಿ, ಮೊಬೈಲನ್ನು ಅದರ ಪಕ್ಕ ಹಿಡಿಯುವುದು. ಚಪ್ಪಲಿ ಡಬ್ಬಗಳ ನಡುವೆ ಅಂಬಾಸಿಡರ್ ಗುಡುಗುತ್ತಿತ್ತು. ಗಿರಾಕಿಯೊಬ್ಬರು, “ಎಂತ ಮಾರಾಯ್ರೆ, ಡಬ್ಬದೊಳಗೆ ಕಾರು ಉಂಟಾ?” ಎಂದು ಇಣುಕಿಯೂ ನೋಡಿದರು. ಆ ಕಡೆಯಿಂದ ಅಣ್ಣ ಪೂರ್ತಿ ಕೇಳುತ್ತಿದ್ದ. ಕೊನೆಗೆ, “ಸರಿ, ಇಡು” ಎನ್ನುತ್ತಿದ್ದ.

ಹೀಗೆ ಒಂದು ವರ್ಷ ಕಳೆಯಿತು. ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ, ಎಂದಿನಂತೆ ಅಂಗಡಿಗೆ ಹೋಗದೆ ಮನೆಗೆ ಬಂದವನು, ಶೆಡ್ಡಿನಲ್ಲಿ ಗೋಣಿ ತೆಗೆಯಲು ಬಗ್ಗಿ ಬಾನೆಟ್ ಮೇಲೆ ಕೈಯೂರಿದೆ. ಬಿಸಿ! ಬಿಸಿಲು ಕಾಣದ ಶೆಡ್ಡು ಅದು. ಒಳಗಿಣುಕಿದರೆ ಡ್ರೈವರ್ ಸೀಟು ಮುಂದಕ್ಕೆ ಸರಿದಿದೆ, ಅಣ್ಣನ ಅತ್ತರಿನ ಪರಿಮಳ ಘಂ ಎನ್ನುತ್ತಿದೆ. ಮುಂದಿನ ಶುಕ್ರವಾರವೂ ಹಾಗೆಯೇ. ಯಾರಲ್ಲಿ ಕೇಳಲಿ, ಉಮ್ಮನಲ್ಲೋ ಅತ್ತಿಗೆಯಲ್ಲೋ? “ಈ ಕಾರನ್ನು ಯಾರು ಸ್ಟಾರ್ಟ್ ಮಾಡಿದ್ದು?” ಎಂದರೆ, “ನೀನೇ ಅಲ್ವಾ?” ಎನ್ನುತ್ತಾರೆ. ಹೆದರಿಕೆಯನ್ನು ಹೇಳಿಕೊಳ್ಳಲೂ ಯೋಗ್ಯತೆ ಬೇಕು. ಕೈಯನ್ನು ಎಷ್ಟು ತೊಳೆದರೂ ಅತ್ತರು ಹೋಗಲಿಲ್ಲ.

ಮೂರನೆಯ ಶುಕ್ರವಾರ ನಮಾಜು ಮುಗಿದದ್ದೇ ತಡ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದೆ. ಶೆಡ್ಡಿನಲ್ಲಿ ಕಾರು ಗಡಗಡ ನಡುಗುತ್ತಿತ್ತು. ಸೀಟಿನಲ್ಲಿ ಯಾರೂ ಇಲ್ಲ. ಕನ್ನಡಿಗೆ ನೇತುಹಾಕಿದ ಜಪಮಣಿ ತನ್ನಷ್ಟಕ್ಕೆ ತೂಗುತ್ತಿತ್ತು. ಅಷ್ಟರಲ್ಲಿ ಆ ಖಾಲಿ ಕಾರಿನೊಳಗಿಂದ ಸಮುದ್ರದಾಚೆಯಿರುವ ನನ್ನ ಅಣ್ಣನ ದನಿ ಕೇಳಿಸಿತು: “ಇನ್ನೂ ಸ್ವಲ್ಪ ಹೊತ್ತು ಇರಲಿ. ಆಫ್ ಮಾಡ್ಬೇಡ.”

ಕಲಿತಿದ್ದ ಪ್ರಾರ್ಥನೆಗಳೆಲ್ಲ ಒಟ್ಟಿಗೆ ಬಾಯಿಗೆ ಬಂದು, ಒಂದೂ ಹೊರಗೆ ಬರಲಿಲ್ಲ. ಸ್ಟೇರಿಂಗಿನ ಕೆಳಗಿನಿಂದ ಕಪ್ಪನೆಯದೊಂದು ಮೆಲ್ಲಗೆ ಎದ್ದಿತು. ನಾನು ಕೂಗಿದ್ದಕ್ಕೆ ಅದೂ ಕೂಗಿತು. ಕಪ್ಪು ಶಾಲು ಹೊದ್ದ ಅತ್ತಿಗೆ! ಅಣ್ಣನ ಅತ್ತರು ಬಾಟ್ಲಿಯ ಮುಚ್ಚಳ ಬಿದ್ದದ್ದನ್ನು ಹುಡುಕುತ್ತಿದ್ದರಂತೆ. ಸೀಟಿನ ಮೇಲೆ ಅವರ ಫೋನು, ಸ್ಪೀಕರಿನಲ್ಲಿ ಅಣ್ಣ.

“ನೀನು ಸ್ಟಾರ್ಟ್ ಮಾಡುದಿಲ್ಲ ಅಂತ ಗೊತ್ತಾಯ್ತು, ನಾನು ಮಾಡಿದೆ” ಎಂದರು ಅತ್ತಿಗೆ. “ಇಲ್ಲಿ ಕೂತರೆ ಅವರು ಪಕ್ಕದಲ್ಲೇ ಇದ್ದ ಹಾಗೆ ಆಗ್ತದೆ.”

“ಯಾರದು, ಹಮೀದಾ?” ಅಣ್ಣ ನಕ್ಕ. “ನಿನ್ನ ನಾಲ್ಕು ಗಂಟೆಯ ಕಾರಿನಲ್ಲಿ ವಾರ ವಾರ ಅದೇ ಹುಂಜ, ಅದೇ ಜಾಗದಲ್ಲಿ ಕೂಗ್ತದೆ ಮಾರಾಯ. ಆ ಹುಂಜವನ್ನು ಪೆರ್ನಾಳ್ ಹಬ್ಬಕ್ಕೆ ಕೊಯ್ದು ತಿಂದಾಯ್ತು ಅಂತ ಇವಳು ಹೇಳಿ ಎಷ್ಟು ತಿಂಗಳಾಯ್ತು! ನಿನ್ನ ಫೋನಿನಲ್ಲಿ ಅದು ಇನ್ನೂ ಕೂಗ್ತಾ ಉಂಟು.”

ತಿಂದವರಲ್ಲಿ ನಾನೂ ಒಬ್ಬ, ಎರಡು ಸಲ ಬಡಿಸಿಕೊಂಡಿದ್ದೆ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಹೇಳಿದರೆ ನಾಚಿಕೆಯಾಗಿ ನೀನು ಫೋನ್ ಮಾಡುದೇ ಬಿಡ್ತಿ. ಸದ್ದು ನನಗೆ ಮಧ್ಯಾಹ್ನವೇ ಸಿಗ್ತದೆ. ನಾಲ್ಕಕ್ಕೆ ನಾನು ಕಾಯುದು ನಿನಗೆ.”

ನಾನು ಕಿಟಕಿಯೊಳಗೆ ತಲೆ ಹಾಕಿ ತಪ್ಪಾಯಿತೆಂದೆ. ಹಾಳು ಇಂಜಿನ್ನು ಆಗಲೇ ಜೋರಾಗಿ ಗುಡುಗಿತು.

“ಎಂತ? ಕೇಳುದಿಲ್ಲ, ಗಟ್ಟಿ ಹೇಳು!”

ಕಳ್ಳತನದಲ್ಲಿ ಮಾಡಿದ್ದನ್ನು ಮೂರು ಮನೆಗೆ ಕೇಳುವ ಹಾಗೆ ಕೂಗಬೇಕಾಯಿತು: “ತಪ್ಪಾಯ್ತು ಅಣ್ಣಾ! ಮೊದಲ ವಾರ ಬಿಟ್ಟರೆ ಒಂದು ದಿನವೂ ನಾನು ಸ್ಟಾರ್ಟ್ ಮಾಡ್ಲಿಲ್ಲ! ನನ್ನನ್ನು ಮಾಫ್ ಮಾಡು!”