ಅಣ್ಣನ ಕಾಲಿಗೊಂದು ಪೆಡಲ್

ನಗು ಬರುವಂಥ ಪ್ರಸಂಗಗಳು ಬೇರೆಯವರಿಗೆ ಮದುವೆಮನೆಯಲ್ಲೋ ರೈಲಿನಲ್ಲೋ ಆಗುತ್ತವಂತೆ. ನನಗೆ ಮಾತ್ರ ಅಳಬೇಕಾದ ಹೊತ್ತಿನಲ್ಲೇ ಆಗುತ್ತವೆ, ಅದೂ ಕೈಯಲ್ಲಿ ಸ್ಕ್ರೂಡ್ರೈವರ್ ಇರುವಾಗ.

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ರಿಪೇರಿ ಅಂಗಡಿ. ಮೊದಲು ರೇಡಿಯೋ, ಟೇಪ್‌ರೆಕಾರ್ಡರ್, ಟೀವಿ ನೋಡಿಕೊಂಡಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಊರೂರಿಗೂ ಸೈಬರ್ ಸೆಂಟರ್ ಬಂದವು, ಅವುಗಳ ಬೆನ್ನಿಗೇ ಗೇಮ್ ಸೆಂಟರ್ ಬಂದವು. ಕಂಪ್ಯೂಟರಿಗೆ ಸಿಕ್ಕಿಸಿ ಕಾರ್ ರೇಸ್ ಆಡುವ ಸ್ಟೇರಿಂಗು, ಪೆಡಲು, ಗೇರು ಎಲ್ಲ ಬಂದವು. ಬಂದದ್ದು ಕೆಡಲೇಬೇಕಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಿ ಕೆಟ್ಟರೂ ಚೀಲಕ್ಕೆ ಹಾಕಿಕೊಂಡು ನನ್ನ ಅಂಗಡಿಗೇ ಬರುತ್ತಿದ್ದರು.

ಅದೇ ಕಾಲಕ್ಕೆ ನನ್ನ ಅಣ್ಣನಿಗೆ ಲಕ್ವ ಹೊಡೆಯಿತು. ಅಣ್ಣ ಚಿಂತಾಮಣಿಯಿಂದ ಗೌರಿಬಿದನೂರಿಗೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರ್. ಮಾತು ಉಳಿಯಿತು, ಕೈ ನಿಧಾನವಾಗಿ ಸರಿಹೋಯಿತು, ಬಲಗಾಲು ಮಾತ್ರ ಅಲುಗಲಿಲ್ಲ. ಡ್ರೈವರಿಗೆ ಬಲಗಾಲಿಲ್ಲ ಅಂದರೆ ಏನುಳಿಯಿತು? ಅವನ ಬಸ್ಸು ನಮ್ಮ ಮನೆ ಮುಂದೆಯೇ ಹೋಗುತ್ತಿತ್ತು. ಹಾರ್ನ್ ಕೇಳಿದ ಕೂಡಲೇ ಅಣ್ಣ ಮುಖವನ್ನು ಗೋಡೆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಅವನಿಗೆ ಬೇಕಾದದ್ದು ಮತ್ತೆ ಆ ಸೀಟು. ನನಗೆ ಗೊತ್ತಿದ್ದದ್ದು ಆಟದ ಸ್ಟೇರಿಂಗ್ ರಿಪೇರಿ. ದೇವರು ಯಾರಿಗೆ ಏನು ಕೊಡಬೇಕು ಅಂತ ಯೋಚನೆ ಮಾಡುವುದೇ ಇಲ್ಲ.

ಒತ್ತಿದಷ್ಟೂ ಸ್ಪೀಡು

ಗೌರಿಬಿದನೂರಿನ ಗೇಮ್ ಸೆಂಟರ್ ಮಾಲೀಕರು ಮೇಲಿಂದ ಮೇಲೆ ಮುರಿದ ಪೆಡಲ್ ತರುತ್ತಿದ್ದರು. "ಅದೇನ್ ಕಾಲೋ ಏನ್ ಒನಕೆಯೋ ಸಾರ್, ಒಂದ್ಸಲ ಬಂದು ನೋಡಿ" ಅಂದರು.

ಹೋಗಿ ನೋಡಿದೆ. ಕಾಲೇಜಿನ ಹುಡುಗನೊಬ್ಬ ಕುರ್ಚಿಯಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಆಕ್ಸಿಲರೇಟರ್ ಮೇಲೆ ಹಾಕಿ ನಿಂತಿದ್ದ.

"ಪೂರ್ತಿ ಒತ್ತಿದ ಮೇಲೆ ಇನ್ನೂ ಒತ್ತಿದ್ರೆ ಸ್ಪೀಡ್ ಜಾಸ್ತಿ ಆಗಲ್ಲಪ್ಪ" ಅಂದೆ.

ಅವನು ಪರದೆಯಿಂದ ಕಣ್ಣು ತೆಗೆಯದೆ, "ಮುಂದೆ ಹೋಗ್ತಿದಾನಲ್ಲ ಅಣ್ಣ, ಅವನು ನನಗಿಂತ ಜೋರಾಗಿ ಒತ್ತಿದಾನೆ, ಕಾಣ್ತಿಲ್ವಾ?" ಅಂದ. ಮುಂದಿದ್ದ ಕಾರನ್ನು ಓಡಿಸುತ್ತಿದ್ದದ್ದು ಕಂಪ್ಯೂಟರು.

ಇವರಿಗೆ ಬುದ್ಧಿ ಹೇಳುವುದಕ್ಕಿಂತ ಪೆಡಲಿಗೆ ಕಬ್ಬಿಣ ಹಾಕುವುದು ಸುಲಭ ಅಂದುಕೊಂಡೆ. ಕೆಳಗೆ ದಪ್ಪ ತಗಡು ಬಡಿದು, ಮೊಪೆಡ್ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿ, ನೆಲಕ್ಕೆ ಬೋಲ್ಟ್ ಮಾಡಿ ಬಂದೆ. ಸ್ವಲ್ಪ ದಿನ ಬಿಟ್ಟು ಮಾಲೀಕರು ಫೋನ್ ಮಾಡಿದರು.

"ಪೆಡಲ್ ಮುರೀಲಿಲ್ಲ ಸಾರ್."

"ಸಂತೋಷ."

"ಆದ್ರೆ ಒತ್ತಿದೋರೆಲ್ಲ ಕುರ್ಚಿ ಸಮೇತ ಹಿಂದಕ್ಕೆ ಜಾರ್ಕೊಂಡು ಬಾಗಿಲಾಚೆ ಹೋಗ್ತಿದಾರೆ. ಗೆದ್ದೋನ್ ಯಾರು ಅಂತ ನೋಡೋಕೆ ನಾನು ರೋಡಿಗೆ ಹೋಗ್ಬೇಕು."

ಫೋನ್ ಇಟ್ಟು ತುಂಬ ನಕ್ಕೆ. ಆಮೇಲೆ ಅಣ್ಣನ ನೆನಪಾಯಿತು. ಅಲ್ಲಿ ಕಬ್ಬಿಣ ಹಾಕಿದರೂ ತಡೆಯಲಾರದಷ್ಟು ಕಾಲುಗಳು. ಮನೆಯಲ್ಲಿ ಒಂದು ಕಾಲು, ಅದರ ಮೇಲೆ ಕೂತ ನೊಣವನ್ನು ಅತ್ತಿಗೆ ಓಡಿಸಬೇಕು.

ಮೈಮೇಲೆ ಬಂದ ಸ್ಟೇರಿಂಗ್

ಮೇಲೂರಿನ ರೇಷ್ಮೆ ಕೆಲಸದ ಮನೆಯೊಂದಕ್ಕೆ ಅಳಿಯ ದುಬೈಯಿಂದ ಸ್ಟೇರಿಂಗ್ ತಂದುಕೊಟ್ಟಿದ್ದ. ಒಳಗೆ ಮೋಟಾರ್ ಇರುವ ದುಬಾರಿ ಮಾಲು. ಕರೆಂಟ್ ಕೊಟ್ಟ ತಕ್ಷಣ ತಾನಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿ, ನಡುಮಧ್ಯ ಎಲ್ಲಿದೆ ಅಂತ ನೋಡಿಕೊಂಡು ನಿಲ್ಲುತ್ತದೆ. ಅದು ಅದರ ಸ್ವಭಾವ. ಆ ಮನೆಯ ಅಜ್ಜಿಗೆ ಅದು ಸ್ವಭಾವವಾಗಿ ಕಾಣಲಿಲ್ಲ. ವಿಭೂತಿ ಹಚ್ಚಿ, ಹಗ್ಗ ತಂದು, ಸ್ಟೇರಿಂಗನ್ನು ಮಂಚದ ಕಾಲಿಗೆ ಬಿಗಿಯಾಗಿ ಕಟ್ಟಿಹಾಕಿದರು. ಮೋಟಾರು ಎಳೆಯಿತು, ಹಗ್ಗ ಬಿಡಲಿಲ್ಲ, ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಪುಡಿಯಾದವು.

ಅಜ್ಜಿ ತಾವೇ ಅಂಗಡಿಗೆ ಬಂದರು. ಚೀಲವನ್ನು ದೂರದಿಂದಲೇ ಮುಂದಕ್ಕೆ ತಳ್ಳಿದರು. ಹಲ್ಲು ಬದಲಾಯಿಸಿ, ಅವರ ಭಯ ಹೋಗಲಿ ಅಂತ ಎದುರಿಗೇ ಕರೆಂಟ್ ಕೊಟ್ಟೆ. ಸ್ಟೇರಿಂಗು ಗುರ್ ಅಂತ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಅಜ್ಜಿ ಕೈ ಮುಗಿದು, "ಯಾವ ದೇವ್ರು ಸ್ವಾಮಿ ನೀನು? ಯಾವೂರು?" ಅಂದರು.

"ಅಜ್ಜೀ, ಇದು ಮೋಟಾರು..."

"ಮೋಟ್ರೋ ಮುನೇಶ್ವರನೋ, ನಮ್ಮನೆಗೆ ಬ್ಯಾಡಪ್ಪ. ಅಳಿಯಂಗೂ ಹೇಳ್ಬಿಟ್ಟಿದೀನಿ. ನಿಮ್ಮಣ್ಣಂಗೆ ಕಾಲು ಬಿದ್ದೋಗೈತಂತಲ್ಲ, ಅವ್ರ ಮುಂದೆ ಇಕ್ಕು. ಬಂದಿರೋ ದೇವ್ರು ಸುಮ್ನೆ ಯಾಕೆ ಕೂತಿರ್ಬೇಕು, ಒಂದು ಕೆಲಸಾನಾದ್ರೂ ಮಾಡ್ಲಿ."

ಖಾಲಿ ಗಾಡಿಗಳು

ಅಜ್ಜಿಯ ಮಾತು ತಲೆಯಲ್ಲಿ ಕೂತಿತು. ಹಳೇ ಕಂಪ್ಯೂಟರ್ ಒಂದನ್ನು ಹೊಂದಿಸಿ, ಟೀವಿ ಮೇಜಿಗೆ ಸ್ಟೇರಿಂಗ್ ಬಿಗಿದು, ಅದರ ಜೊತೆ ಬಂದಿದ್ದ ಪೆಡಲುಗಳನ್ನು ಕೆಳಗಿಟ್ಟು, ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿದೆ. ಬಲಗಾಲು ಇಲ್ಲವಲ್ಲ, ಅದಕ್ಕೆ ವೈರ್ ಅದಲುಬದಲು ಮಾಡಿ ಆಕ್ಸಿಲರೇಟರನ್ನು ಎಡಗಾಲಿಗೆ ಕೊಟ್ಟಿದ್ದೆ. ಬ್ರೇಕನ್ನು ಸ್ಟೇರಿಂಗ್ ಮೇಲಿನ ಗುಂಡಿಗೆ ತಂದಿದ್ದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಣ್ಣ ಖಾಕಿ ಅಂಗಿ ತರಿಸಿ ಹಾಕಿಕೊಂಡ. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಹೊರಟ. ಮೊದಲ ತಿರುವು ಬಂತು. ಡ್ರೈವರ್ ಆದಾಗಿನಿಂದ ಅವನ ಎಡಗಾಲಿಗೆ ಕ್ಲಚ್ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಗೇರ್ ಇಳಿಸಲು ಎಡಗಾಲು ಒತ್ತಿದ. ನಿಧಾನವಾಗಬೇಕಿದ್ದ ಗಾಡಿ ಹಾರಿಹೋಗಿ ಬೇಲಿಗೆ ಬಿತ್ತು.

"ಏನೋ ಇದು, ಕ್ಲಚ್ ಒತ್ತಿದ್ರೆ ಓಡುತ್ತೆ!"

"ಅದು ಆಕ್ಸಿಲರೇಟರ್ ಕಣಣ್ಣ."

"ಎಡಗಡೆ ಆಕ್ಸಿಲರೇಟರ್ ಇಡೋನು ಯಾವನೋ?"

ಇಟ್ಟವನು ಎದುರಿಗೇ ನಿಂತಿದ್ದ.

ಕೊನೆಗೆ ಕಾಲಿಗೆ ಅಭ್ಯಾಸವಾಯಿತು. ಆದರೆ ಅಣ್ಣ ರೇಸನ್ನು ರೇಸಿನ ಹಾಗೆ ಓಡಿಸಿದರೆ ತಾನೆ? ರಸ್ತೆಯ ಎಡಗಡೆಯೇ ಹೋಗುತ್ತಿದ್ದ. ಹಿಂದಿನಿಂದ ಗಾಡಿ ಬಂದರೆ ಬಲಗೈ ಹೊರಗೆ ಚಾಚಿ, ಹೋಗಪ್ಪಾ ಅಂತ ದಾರಿ ಬಿಡುತ್ತಿದ್ದ. ಕೈ ಗೋಡೆಗೆ ಬಡಿಯುತ್ತಿತ್ತು. ಎಲ್ಲರೂ ಮುಗಿಸಿ ಹೋದ ಮೇಲೆ ನಿಧಾನವಾಗಿ ಬಂದು ಸೇರಿದ.

"ಎಲ್ಲರಿಗಿಂತ ಹಿಂದೆ ಬಿದ್ರಲ್ರೀ" ಅಂದರು ಅತ್ತಿಗೆ.

"ಹಿಂದೆ ಅಂತೆ! ಅವರಲ್ಲಿ ಒಬ್ಬನಾದ್ರೂ ಒಂದು ಪ್ಯಾಸೆಂಜರ್ ಹತ್ತಿಸಿಕೊಂಡಿದಾನಾ ನೋಡು. ಖಾಲಿ ಗಾಡಿ ಓಡಿಸೋಕೆ ಏನ್ ಕಷ್ಟ?"

ಲಕ್ವ ಹೊಡೆದ ಮೇಲೆ ಅವನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅತ್ತಿಗೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಒಂದು ವಿಷಲ್

ಅಣ್ಣನ ಬಸ್ಸಿನಲ್ಲಿದ್ದ ಕಂಡಕ್ಟರ್ ನೋಡಿಕೊಂಡು ಹೋಗಲು ಬಂದ. ಚಿಂತಾಮಣಿ ಕಡೆಯವನು, ಖುಷಿಯಾದರೆ ತೆಲುಗು, ಸಿಟ್ಟು ಬಂದರೆ ಕನ್ನಡ. ಅಣ್ಣ ಸ್ಟೇರಿಂಗ್ ಹಿಡಿದು ಕೂತಿದ್ದು ನೋಡಿ ಅವನಿಗೆ ತಡೆಯಲಾಗಲಿಲ್ಲ. ಒಂದು ಸ್ಟೂಲ್ ಎಳೆದು ಹಿಂದೆ ಕೂತೇಬಿಟ್ಟ.

"ಪೋನೀ ಅಣ್ಣಾ, ಪೋನೀ! ಹೋಗ್ಲಿ, ರೈಟ್ ರೈಟ್!"

ವಿದೇಶದ ಯಾವುದೋ ಸಮುದ್ರದ ದಂಡೆಯ ರಸ್ತೆ. ಅದರಲ್ಲಿ ಇವನು, "ಶಿಡ್ಲಘಟ್ಟ ಇಳಿಯೋರು ಮುಂದೆ ಬನ್ನಿ" ಅಂತ ಕೂಗುತ್ತಾನೆ. ಅತ್ತಿಗೆ ನಕ್ಕರು, ನಾನು ನಕ್ಕೆ, ಅಣ್ಣನೂ ನಕ್ಕ. ಆ ಹುರುಪಿನಲ್ಲಿ ಕಂಡಕ್ಟರ್ ಜೇಬಿನಿಂದ ವಿಷಲ್ ತೆಗೆದು ಒಂದು ಸಲ ಊದಿದ.

ಎರಡು ವಿಷಲ್ ಅಂದರೆ ಹೋಗು, ಒಂದು ಅಂದರೆ ನಿಲ್ಲಿಸು. ಅಣ್ಣನಿಗೆ ಅದು ರಕ್ತದಲ್ಲೇ ಇತ್ತು. ಕೈಯಲ್ಲಿದ್ದ ಬ್ರೇಕ್ ಗುಂಡಿ ಅವನಿಗೆ ನೆನಪಾಗಲಿಲ್ಲ. ಸೊಂಟದಿಂದ ಮೇಲೆ ಇಡೀ ಮೈ ಬಲಗಾಲನ್ನು ಒತ್ತಲು ಮುಂದಕ್ಕೆ ಹೋಯಿತು. ಕಾಲು ಇದ್ದ ಕಡೆಯೇ ಇತ್ತು. ಗಾಡಿ ಗೋಡೆಗೆ ಹೋಗಿ ಬಡಿಯಿತು.

ಅಣ್ಣ ತನ್ನ ಕಾಲನ್ನೇ ನೋಡುತ್ತಿದ್ದ. ಕಂಡಕ್ಟರ್ ಎದ್ದು ನಿಂತು, ಹಿಂದೆ ತಿರುಗಿ ನಮ್ಮ ಖಾಲಿ ಪಡಸಾಲೆಯನ್ನೆಲ್ಲ ನೋಡಿ, "ಪ್ಯಾಸೆಂಜರ್ಸ್‌ಗೆ ಯಾರಿಗೂ ಏನೂ ಆಗಿಲ್ಲ ಅಣ್ಣಾ" ಅಂದ.

ಅವನು ಹೋದ ಮೇಲೆ ಅಣ್ಣ ನನ್ನನ್ನು ಕರೆದ. "ಎಡಗಾಲಿನ ಆಟ ಸಾಕು ಕಣೋ. ಬಸ್ಸಲ್ಲಿ ಹೇಗಿತ್ತೋ ಹಾಗೇ ಮಾಡಿಕೊಡು. ಬ್ರೇಕೂ ಬಲಗಾಲಿಗೇ, ಆಕ್ಸಿಲರೇಟರೂ ಬಲಗಾಲಿಗೇ. ಈ ಕಾಲು ಬಂದ್ರೆ ಬಸ್ಸು. ಬರದಿದ್ರೆ ಇದೂ ಬೇಡ."

ಆಯುಧಪೂಜೆ

ಹಾಗೇ ಮಾಡಿಕೊಟ್ಟೆ. ಗುಂಡಿಯ ಬ್ರೇಕ್ ತೆಗೆದೆ. ಪೆಡಲಿನ ಗಟ್ಟಿ ಸ್ಪ್ರಿಂಗ್ ಕಿತ್ತು ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿದೆ. ಪೆಡಲಿನೊಳಗೆ ರೇಡಿಯೋದ ವಾಲ್ಯೂಮ್ ಕಂಟ್ರೋಲ್‌ನಂಥ ಒಂದು ಭಾಗ ಇರುತ್ತದೆ, ಎಷ್ಟು ಒತ್ತಿದಿರಿ ಅಂತ ಕಂಪ್ಯೂಟರಿಗೆ ಹೇಳುವುದೇ ಅದು. ಅದನ್ನು ಎಷ್ಟು ಸೂಕ್ಷ್ಮ ಮಾಡಿದೆ ಅಂದರೆ ಹೆಬ್ಬೆರಳು ಒಂದಿಷ್ಟು ಅಲುಗಿದರೂ ಗಾಡಿ ಹೊರಡಬೇಕು. ದಿನಾ ಬೆಳಗ್ಗೆ ಅತ್ತಿಗೆ ಕಾಲನ್ನೆತ್ತಿ ಪೆಡಲಿನ ಮೇಲೆ ಇಡುತ್ತಿದ್ದರು. ಉಳಿದ ಗಾಡಿಗಳೆಲ್ಲ ಹೊರಟು, ಸುತ್ತು ಹಾಕಿ, ಆಟ ಮುಗಿಸುತ್ತಿದ್ದವು. ಅಣ್ಣನ ಗಾಡಿ ಗೆರೆ ದಾಟುತ್ತಿರಲಿಲ್ಲ. ಅವನು ಕಾಲನ್ನು ನೋಡುತ್ತಾ ಕೂತಿರುತ್ತಿದ್ದ. ಆ ಹೊತ್ತಿಗೆ ನಾನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ.

ಆಯುಧಪೂಜೆಯ ದಿನ ನಾನು ಅಂಗಡಿಯಲ್ಲಿ ಪೂಜೆ ಮುಗಿಸಿ ಬೂದುಗುಂಬಳಕಾಯಿ ಒಡೆಯುತ್ತಿದ್ದೆ. ಪಕ್ಕದ ಮನೆಯವರು ಓಡಿ ಬಂದರು. "ನಿಮ್ಮಣ್ಣಂಗೆ ಕಾಲು ಬಂತಂತೆ!"

ಅಂಗಡಿ ಬಾಗಿಲನ್ನೂ ಹಾಕದೆ ಓಡಿದೆ. ಮನೆ ತುಂಬ ಜನ. ಸ್ಟೇರಿಂಗಿಗೆ ಚೆಂಡುಹೂವಿನ ಹಾರ, ಕುಂಕುಮ. ಮೇಜಿಗೆ ಹೊದಿಸಿದ ರೇಷ್ಮೆ ಸೀರೆ ನೆಲದವರೆಗೂ ಇಳಿಬಿದ್ದಿತ್ತು. ಪರದೆಯ ಮೇಲೆ ಗಾಡಿ ಓಡುತ್ತಿತ್ತು! ಅಣ್ಣ ಬೆವರು ಸುರಿಸುತ್ತಾ ಸ್ಟೇರಿಂಗ್ ತಿರುಗಿಸುತ್ತಿದ್ದ. ಅತ್ತಿಗೆ ಅಳುತ್ತಾ, ನಗುತ್ತಾ, ಬಂದವರ ಕೈಗೆಲ್ಲ ಒಬ್ಬಟ್ಟು ಹಾಕುತ್ತಿದ್ದರು. "ಗಾಡಿ ಅಂದ ಮೇಲೆ ನಿಂಬೆಹಣ್ಣು ಇಡಬೇಡ್ವಾ? ಇದಕ್ಕೆ ಚಕ್ರ ಎಲ್ಲೈತೆ ಅಂತ ಹುಡುಕ್ದೆ. ಇಲ್ಲ. ಪೆಡಲ್ ಕೆಳಗೇ ಇಟ್ಟು, ನಾನೇ ಕೈಯಲ್ಲಿ ಅದುಮಿ ಒಡೆದೆ. ಸ್ವಿಚ್ ಹಾಕಿದ್ದೇ ತಡ, ಇವ್ರ ಕಾಲು ಬಂದೇಬಿಡ್ತು ನೋಡು!"

ಅಣ್ಣ ಸುತ್ತಿನ ಮೇಲೆ ಸುತ್ತು ಹಾಕಿದ. ಕೊನೆಗೆ ಕರೆಂಟ್ ಹೋಯಿತು. ಜನ ಚಪ್ಪಾಳೆ ತಟ್ಟಿ, ಊಟಕ್ಕೆಂದು ಹಿತ್ತಲ ಕಡೆ ಹೋದರು.

ನಾನು ಬಗ್ಗಿ ಪೆಡಲ್ ತೆಗೆದು ಬಿಚ್ಚಿದೆ. ಒಳಗೆಲ್ಲ ನಿಂಬೆರಸ. ನಾನು ಅಷ್ಟು ಸೂಕ್ಷ್ಮ ಮಾಡಿಟ್ಟಿದ್ದ ಭಾಗ ರಸದಲ್ಲಿ ನೆನೆದು, ಯಾರೂ ಒತ್ತದೆಯೇ ಒತ್ತಿದ್ದಾರೆ ಅಂತ ಹೇಳುತ್ತಿತ್ತು. ಇದನ್ನು ಅಣ್ಣನಿಗೆ ಯಾವ ಬಾಯಲ್ಲಿ ಹೇಳಲಿ?

"ನಿಂಬೆಹಣ್ಣೇನೋ?" ಅಂದ ಅಣ್ಣ.

"ನಿಂಗೆ ಗೊತ್ತಿತ್ತಾ?"

"ಕಾಲು ಪೆಡಲ್ ಮೇಲೆ ಇರಲೇ ಇಲ್ವಲ್ಲೋ. ಪೂಜೆಗೆ ಅಂತ ಇಳಿಸಿದೋಳು ಮತ್ತೆ ಎತ್ತಿಡೋದು ಮರೆತಿದ್ಲು."

"ಹೇಳಬಾರದಾಗಿತ್ತೇನಣ್ಣ?"

"ಬಾಯಿ ತೆಗೆದೆ ಕಣೋ. ಅಷ್ಟರಲ್ಲಿ ಬಂತು ಬಂತು ಅಂತ ಕೂಗಿದ್ಲು. ಮದುವೆ ಆದಾಗಿನಿಂದ ಅವಳು ಹಂಗೆ ಖುಷಿಯಾಗಿ ಕೂಗಿದ್ದು ನಾನು ಕೇಳಿಲ್ಲ. ನಿಲ್ಲಿಸೋಣ ಅಂದ್ರೆ ಬ್ರೇಕಿಗೂ ಅದೇ ಕಾಲು. ಎಲ್ಲೂ ಗುದ್ದದ ಹಾಗೆ ಓಡಿಸ್ತಾ ಕೂತೆ. ಪುಣ್ಯಾತ್ಮರು ಕರೆಂಟ್‌ನೋರು, ನಿಲ್ಲಿಸಿದ್ರು."

ಅಣ್ಣ ನಗಲು ಶುರುಮಾಡಿದ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ಅವನ ಕಣ್ಣಲ್ಲಿ ನೀರು ಇಳಿಯಿತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಆ ಕಾಲು ಇನ್ನು ಬರುವುದಿಲ್ಲ ಅಂತ ನಮ್ಮಿಬ್ಬರಿಗೂ ಆಗ ಗೊತ್ತಾಗಿಹೋಗಿತ್ತು. ನಾನು ಅವನ ಕೈ ಹಿಡಿದುಕೊಂಡು ಕೂತೆ.

"ಒರೆಸಬೇಡ" ಅಂದ ಅಣ್ಣ, ಪೆಡಲ್ ಕಡೆ ತೋರಿಸಿ. "ಹಾಗೇ ಮುಚ್ಚಿಬಿಡು. ಹಬ್ಬದ ದಿನ."

ಸ್ಕ್ರೂ ತಿರುಗಿಸಲು ಹೊರಟೆ. ಅಷ್ಟರಲ್ಲಿ ಅತ್ತಿಗೆ ಒಳಗೆ ಬಂದರು. ಒಂದು ಕೈಯಲ್ಲಿ ಒಬ್ಬಟ್ಟಿನ ತಟ್ಟೆ, ಇನ್ನೊಂದರಲ್ಲಿ ಹೊಸದೊಂದು ನಿಂಬೆಹಣ್ಣು.

"ಮುಚ್ಚಬೇಡ ತಾಳಪ್ಪ. ಬ್ರೇಕಿಗೆ ಇಡೋದು ಮರೆತೇಬಿಟ್ಟಿದ್ದೆ. ಪಾಪ, ನಿಮ್ಮಣ್ಣ ನಿಲ್ಲಿಸೋಕಾಗ್ದೆ ಎಷ್ಟು ಒದ್ದಾಡಿದ್ರು, ನೋಡಿದ್ಯಾ?"